ಗಾಜಿನ ಮೇಲೆ ಮುಖ ಮೂಡಬೇಕಾದರೆ

ಮಾನ್ಯ ಸಂಪಾದಕರೇ,

ಗಾಜು ಮತ್ತು ಅಕ್ರಿಲಿಕ್ (ಗಾಜಿನಂತೆ ಕಾಣುವ ಪ್ಲಾಸ್ಟಿಕ್) ಫಲಕಗಳ ಮೇಲೆ ಲೇಸರ್ ಯಂತ್ರದಿಂದ ಭಾವಚಿತ್ರ ಕೆತ್ತುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಮುಖದ ಗುರುತೇ ಸಿಗದ ಫಲಕವನ್ನು ಹಿಡಿದು ಬಂದು ‘ಗಾಜಿನ ಮೇಲೆ ಫೋಟೊ ಬರುವುದೇ ಇಷ್ಟಂತೆ, ನಿಜವೇ?’ ಎಂದು ಕೇಳುವವರನ್ನು ಆಗಾಗ ಕಾಣುತ್ತೇನೆ. ಹೊಸದಾಗಿ ಯಂತ್ರ ಕೊಂಡವರು ಅಂಥದೇ ಫಲಕ ನೋಡಿ, ಪವರ್ ಸಾಲದೆಂದು ಇನ್ನೂ ದೊಡ್ಡ ಯಂತ್ರದ ಯೋಚನೆಗೆ ಬೀಳುವುದನ್ನೂ ಕಂಡಿದ್ದೇನೆ. ಎರಡೂ ಸರಿಯಲ್ಲ. ಸರಿಯಾಗಿ ಸಿದ್ಧಪಡಿಸಿದ ಚಿತ್ರವನ್ನು ಸಾಧಾರಣ ಯಂತ್ರವೂ ಗಾಜಿನ ಮೇಲೆ ಅಂದವಾಗಿ ಮೂಡಿಸುತ್ತದೆ. ಸಿದ್ಧಪಡಿಸದ ಚಿತ್ರವನ್ನು ಎಷ್ಟು ದೊಡ್ಡ ಯಂತ್ರವೂ ಕಾಪಾಡಲಾರದು. ನನ್ನ ಕೈಗೆ ಬರುವ ಕೆಲಸಗಳಲ್ಲಿ ಅನೇಕವು ತೀರಿಕೊಂಡವರ ನೆನಪಿಗಾಗಿ, ಮನೆಯಲ್ಲಿ ಉಳಿದಿರುವ ಒಂದೇ ಒಂದು ಫೋಟೊದಿಂದ ಮಾಡಿಸುವಂಥವು. ಅಂಥ ಕೆಲಸ ಕೆಟ್ಟಾಗ ಆಗುವ ನೋವು ಗಾಜಿನ ಬೆಲೆಯಷ್ಟಕ್ಕೆ ಮುಗಿಯುವುದಿಲ್ಲವಾದ್ದರಿಂದ, ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಲು ತಮ್ಮ ಪತ್ರಿಕೆಯಲ್ಲಿ ಸ್ಥಳ ಕೋರುತ್ತೇನೆ.

ಮೊದಲಿಗೆ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲಸ ಕಲಿತ ಹೊಸದರಲ್ಲಿ ಒಬ್ಬ ಹೆಣ್ಣುಮಗಳು ತಮ್ಮ ತಂದೆಯ ಹಳೆಯ ಕಪ್ಪುಬಿಳುಪು ಫೋಟೊ ತಂದುಕೊಟ್ಟರು. ಅದನ್ನು ಸ್ಕ್ಯಾನ್ ಮಾಡಿ, ಇದ್ದದ್ದು ಇದ್ದಂತೆಯೇ ಯಂತ್ರಕ್ಕೆ ಕೊಟ್ಟು, ಕೆತ್ತಿದ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕೂದಲು ಕಪ್ಪಾಗಿ, ಮುಖ ತಿಳಿಯಾಗಿ, ಫೋಟೊದಲ್ಲಿದ್ದಂತೆಯೇ ಕಂಡಿತು. ಅವರು ಮನೆಗೆ ಒಯ್ದು ಕಡುಬಣ್ಣದ ಕಪಾಟಿನಲ್ಲಿ ಇಟ್ಟಾಗ ಕಣ್ಣಪಾಪೆ, ಹುಬ್ಬು, ಮೀಸೆಗಳೆಲ್ಲ ಬೆಳ್ಳಗೆ ಹೊಳೆದು, ಹಣೆ ಕೆನ್ನೆಗಳು ಕಪ್ಪಾಗಿ ಹೋಗಿದ್ದವು. ಮರುದಿನ ಫಲಕವನ್ನು ಬಟ್ಟೆಯಲ್ಲಿ ಸುತ್ತಿ ತಂದು ‘ಇವರು ನಮ್ಮಪ್ಪ ಅಲ್ಲ’ ಎಂದಷ್ಟೇ ಹೇಳಿದರು. ಒಂದೇ ಗಾಜು ಕಿಟಕಿಯ ಮುಂದೆ ಒಂದು ಮುಖವನ್ನೂ ಕಪಾಟಿನಲ್ಲಿ ಇನ್ನೊಂದು ಮುಖವನ್ನೂ ತೋರಿದ್ದು ಏಕೆಂದು ತಿಳಿಯಲು ಹೊರಟಾಗಲೇ ನಾನು ಈ ಕೆಲಸವನ್ನು ನಿಜವಾಗಿ ಕಲಿತೆ.

ಗಾಜನ್ನು ಕೆತ್ತಲು ಸಾಮಾನ್ಯವಾಗಿ ಬಳಸುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಇದನ್ನು 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಭಾರತದಲ್ಲಿ ಹುಟ್ಟಿದ ವಿಜ್ಞಾನಿ ಕುಮಾರ್ ಪಟೇಲ್. ಇದರ ಕಿರಣದ ತರಂಗಾಂತರ ಸುಮಾರು 10.6 ಮೈಕ್ರೊಮೀಟರ್, ಕಣ್ಣಿಗೆ ಕಾಣದ ಅವಕೆಂಪು ಬೆಳಕು. ನಮ್ಮ ಕಣ್ಣಿಗೆ ಪಾರದರ್ಶಕವಾಗಿರುವ ಗಾಜು ಈ ಕಿರಣದ ಮಟ್ಟಿಗೆ ಗೋಡೆಯಿದ್ದಂತೆ, ಒಳಗೆ ಬಿಡದೆ ಮೇಲ್ಮೈಯ ತೆಳುಪದರದಲ್ಲಿಯೇ ಹೀರಿಕೊಳ್ಳುತ್ತದೆ. ಗಾಜಿನಲ್ಲಿ ಶಾಖ ಬೇಗ ಹರಡುವುದಿಲ್ಲವಾದ್ದರಿಂದ ಕಿರಣ ಬಿದ್ದ ಚುಕ್ಕೆಯಷ್ಟು ಜಾಗ ಮಾತ್ರ ಥಟ್ಟನೆ ಕಾದು, ಹಿಗ್ಗಿ, ಮತ್ತೆ ತಣಿಯುವಾಗ ಸೂಕ್ಷ್ಮವಾಗಿ ಬಿರಿಯುತ್ತದೆ. ಆ ಬಿರುಕುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಅಲ್ಲಿ ಬಿಳಿ ಮಸುಕು ಕಾಣುತ್ತದೆ. ಅಂದರೆ ಗಾಜಿನ ಮೇಲೆ ಬಣ್ಣವೂ ಇಲ್ಲ, ಸುಟ್ಟ ಕಪ್ಪೂ ಇಲ್ಲ. ಬಿರಿದ ಚುಕ್ಕೆ, ಬಿರಿಯದ ಚುಕ್ಕೆ, ಇವೆರಡನ್ನು ಬಿಟ್ಟರೆ ಮೂರನೆಯದು ಗಾಜಿಗೆ ಗೊತ್ತಿಲ್ಲ.

ಹಾಗಾದರೆ ಕೆನ್ನೆಯ ನೆರಳಿನಂಥ ನಡುವಣ ಛಾಯೆಗಳು ಬರುವುದು ಹೇಗೆ? ಉತ್ತರ ತಮ್ಮ ಪತ್ರಿಕೆಯಲ್ಲಿಯೇ ಇದೆ. ಅದರ ಯಾವುದೇ ಕಪ್ಪುಬಿಳುಪು ಫೋಟೊವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಿ ಬೂದುಬಣ್ಣವೇ ಇರುವುದಿಲ್ಲ. ಕಪ್ಪು ಮಸಿಯ ಚುಕ್ಕೆಗಳು, ಅವುಗಳ ನಡುವೆ ಖಾಲಿ ಕಾಗದ ಇಷ್ಟೇ ಇರುತ್ತದೆ. ದೂರದಿಂದ ನೋಡಿದಾಗ ಕಣ್ಣು ಎರಡನ್ನೂ ಬೆರೆಸಿ ಬೂದು ಎಂದು ತಿಳಿಯುತ್ತದೆ. ಗಾಜಿನ ಕೆತ್ತನೆಯೂ ಇದೇ ವಿದ್ಯೆ. ಆದರೆ ಮುದ್ರಣದಲ್ಲಿ ಬಿಳಿಯ ಕಾಗದದ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ, ಗಾಜಿನಲ್ಲಿ ಕತ್ತಲೆಯ ಮೇಲೆ ಬಿಳಿಯ ಚುಕ್ಕೆ ಬೀಳುತ್ತದೆ. ಯಂತ್ರವು ಚಿತ್ರದ ಕಪ್ಪು ಭಾಗವನ್ನು ಕೆತ್ತುತ್ತದೆಯಾದ್ದರಿಂದ, ಫೋಟೊವನ್ನು ಹಾಗೆಯೇ ಕೊಟ್ಟರೆ ಕೂದಲು ಬೆಳ್ಳಗಾಗುತ್ತದೆ. ಅದನ್ನು ತಿರುಗಿಸಿ ನೆಗೆಟಿವ್ ಮಾಡಿ ಕೊಟ್ಟರೆ ಮುಖದ ಬೆಳಕಿನ ಭಾಗಗಳು ಮಸುಕಾಗಿ ಬಿಳುಪು ತಳೆದು, ಕೂದಲು ಮತ್ತು ಕಣ್ಣಪಾಪೆ ಖಾಲಿ ಗಾಜಾಗಿ ಉಳಿದು, ಹಿಂದಿನ ಕತ್ತಲೆಯೇ ಅವುಗಳ ಕಪ್ಪಾಗುತ್ತದೆ.

ಕಿಟಕಿಯ ಮುಂದೆ ಮಾತ್ರ ಇದು ತಲೆಕೆಳಗಾಗುತ್ತದೆ. ಹಿಂದಿನಿಂದ ಬೆಳಕು ಬಂದಾಗ ಖಾಲಿ ಗಾಜು ಅದನ್ನು ನೇರವಾಗಿ ಹಾಯಿಸಿ ಬೆಳಗುತ್ತದೆ, ಬಿರಿದ ಭಾಗ ಅದನ್ನು ಚದುರಿಸಿ ಮಂಕಾಗಿ ಕಾಣುತ್ತದೆ. ನನ್ನ ಮೊದಲ ಫಲಕ ನನಗೆ ಸರಿಯಾಗಿಯೂ ಆ ಹೆಣ್ಣುಮಗಳಿಗೆ ವಿಕಾರವಾಗಿಯೂ ಕಂಡದ್ದು ಇದರಿಂದಲೇ. ಆದ್ದರಿಂದ ಕೆಲಸ ಒಪ್ಪಿಕೊಳ್ಳುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಯಂತ್ರದ್ದೂ ಅಲ್ಲ, ಗಾಜಿನ ದಪ್ಪದ್ದೂ ಅಲ್ಲ. ಈ ಫಲಕ ಎಲ್ಲಿ ನಿಲ್ಲುತ್ತದೆ, ಅದರ ಹಿಂದೆ ಏನಿರುತ್ತದೆ ಎಂಬುದು. ಕಪಾಟಿನಲ್ಲಾದರೆ ನೆಗೆಟಿವ್, ಬಯಲು ಬೆಳಕಿಗೆ ತೂಗುಹಾಕುವುದಾದರೆ ಪಾಸಿಟಿವ್. ಬಿಳಿ ಗೋಡೆಯ ಮುಂದೆ ಇಡುತ್ತೇವೆ ಎಂದರೆ ಎರಡೂ ಸರಿಯಾಗಿ ಕಾಣುವುದಿಲ್ಲ. ಆಗ ಫಲಕದ ಹಿಂದೆ ಕಪ್ಪು ಕಾಗದವನ್ನೋ ಬಟ್ಟೆಯನ್ನೋ ಸೇರಿಸಿ ಫ್ರೇಮ್ ಮಾಡಿಸುವಂತೆ ಹೇಳಬೇಕು. ಕಪ್ಪು ಬಣ್ಣ ಬಳಿಯುವುದು ಬೇಡ. ಬಣ್ಣ ಬಿರುಕಿನೊಳಗೆ ಇಳಿದರೆ ಬೆಳಕು ಚದುರುವುದು ನಿಂತು ಬಿಳುಪೇ ಮಾಯವಾಗುತ್ತದೆ. ತೊಳೆದ ಗಾಜು ಒದ್ದೆಯಿದ್ದಾಗ ಚಿತ್ರ ಅಳಿಸಿಹೋದಂತೆ ಕಾಣುವುದಕ್ಕೂ ಇದೇ ಕಾರಣ. ಪೂರ್ತಿ ಒಣಗುವ ತನಕ ಯಾವ ಫಲಕದ ಬಗ್ಗೆಯೂ ತೀರ್ಮಾನ ಹೇಳಬಾರದು.

ಇನ್ನು ಫೋಟೊದ ಆಯ್ಕೆ. ಒಂದು ಲೆಕ್ಕ ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ. ಸಾಮಾನ್ಯ ಲೆನ್ಸಿನಡಿ ಕಿರಣದ ಚುಕ್ಕೆ ಸುಮಾರು 0.1 ಮಿಲಿಮೀಟರ್ ಅಗಲವಿರುತ್ತದೆ. 150 ಮಿಲಿಮೀಟರ್ ಅಗಲದ ಚಿತ್ರದಲ್ಲಿ ಅಡ್ಡಕ್ಕೆ ಇಂಥ 1500 ಚುಕ್ಕೆಗಳು ಹಿಡಿಸುತ್ತವೆ. ಒಬ್ಬರದೇ ಚಿತ್ರವಾಗಿ ಮುಖ 40 ಮಿಲಿಮೀಟರ್ ಅಗಲವಿದ್ದರೆ ಮುಖಕ್ಕೆ 400 ಚುಕ್ಕೆ ಸಿಗುತ್ತದೆ. ಹತ್ತಾರು ಜನರ ಗುಂಪಿನ ಚಿತ್ರದಲ್ಲಿ ಮುಖ 10 ಮಿಲಿಮೀಟರಿಗೆ ಇಳಿದರೆ ಸಿಗುವುದು 100. ಕಣ್ಣಿನ ಅಗಲ ಮುಖದ ಅಗಲದ ಐದನೆಯ ಒಂದು ಭಾಗದಷ್ಟಿರುತ್ತದೆ. ಅಂದರೆ ಒಂದು ಕಣ್ಣಿಗೆ ಇಪ್ಪತ್ತೇ ಚುಕ್ಕೆ, ಅವೂ ಬಿಳಿ ಅಥವಾ ಖಾಲಿ ಮಾತ್ರ. ಅಷ್ಟರಲ್ಲಿ ಒಬ್ಬರ ನೋಟವನ್ನು ಹಿಡಿಯಲು ಯಾರಿಂದಲೂ ಆಗದು. ಗುಂಪಿನ ಫೋಟೊ ತಂದವರಿಗೆ ಒಂದೆರಡು ಮುಖಗಳನ್ನಷ್ಟೇ ಬಿಡಿಸಿ ದೊಡ್ಡದು ಮಾಡೋಣ ಎನ್ನಬೇಕು, ಇಲ್ಲವೇ ದೊಡ್ಡ ಫಲಕ ಬೇಕಾಗುತ್ತದೆ ಎಂದು ಮೊದಲೇ ಹೇಳಬೇಕು. ಮೊಬೈಲಿನಲ್ಲಿ ಹಲವು ಕೈ ದಾಟಿ ಬಂದ ಚಿತ್ರ ಕುಗ್ಗಿ, ವಿವರ ಕಳೆದುಕೊಂಡಿರುತ್ತದೆ. ಮೂಲ ಫೈಲನ್ನೋ ಕಾಗದದ ಫೋಟೊವನ್ನೋ ಕೇಳಿ ತರಿಸಿಕೊಳ್ಳುವುದು ಒಳ್ಳೆಯದು.

ಚಿತ್ರ ಕೈಗೆ ಬಂದ ಮೇಲೆ ನಾನು ಹೆಚ್ಚು ಹೊತ್ತು ಕಳೆಯುವುದು ಕಂಪ್ಯೂಟರಿನ ಮುಂದೆಯೇ. ಹಿನ್ನೆಲೆಯನ್ನು ಪೂರ್ತಿ ತೆಗೆಯುತ್ತೇನೆ. ಗಿಡ, ಗೋಡೆ, ಕುರ್ಚಿಗಳೆಲ್ಲ ಗಾಜಿನ ಮೇಲೆ ಬರೀ ಗಲೀಜಾಗಿ ಕಂಡು ಮುಖವನ್ನು ನುಂಗುತ್ತವೆ. ಆದರೆ ಹಿನ್ನೆಲೆ ಹೋದೊಡನೆ ಇನ್ನೊಂದು ತೊಂದರೆ ಎದುರಾಗುತ್ತದೆ: ಕಪ್ಪು ಕೂದಲು ಕೆತ್ತದೆ ಉಳಿಯುತ್ತದೆ, ಅದರ ಸುತ್ತಲಿನ ಜಾಗವೂ ಕೆತ್ತದೆ ಉಳಿಯುತ್ತದೆ, ಹಾಗಾಗಿ ತಲೆಯ ಆಕಾರವೇ ಕರಗಿ ಬರಿಯ ಮುಖವೊಂದು ತೇಲುತ್ತಿರುವಂತೆ ಕಾಣುತ್ತದೆ. ಕೂದಲಿನ ಛಾಯೆಯನ್ನು ಸ್ವಲ್ಪ ತಿಳಿಗೊಳಿಸಿ ಎಳೆಗಳು ಕಾಣುವಂತೆ ಮಾಡುವುದು ಅಥವಾ ತಲೆಯ ಅಂಚಿನ ಉದ್ದಕ್ಕೂ ತೆಳುವಾದ ಬೆಳಕಿನ ಗೆರೆ ತರುವುದು ಇದಕ್ಕೆ ಪರಿಹಾರ. ಕನ್ನಡಕದ ಅಂಚು, ಕಪ್ಪು ಅಂಗಿಯ ಕಾಲರ್, ಗಡ್ಡ, ಇವನ್ನೂ ಹೀಗೆಯೇ ನೋಡಿಕೊಳ್ಳಬೇಕು. ಆಮೇಲೆ ಕಾಂಟ್ರಾಸ್ಟ್ ಏರಿಸಿ, ಕಣ್ಣು ತುಟಿಗಳ ಅಂಚುಗಳನ್ನು ಪರದೆಯ ಮೇಲೆ ಒಂದಿಷ್ಟು ಅತಿಯಾಯಿತು ಎನ್ನಿಸುವ ತನಕ ಚೂಪಾಗಿಸುತ್ತೇನೆ, ಏಕೆಂದರೆ ಗಾಜು ಆ ಅತಿಯನ್ನು ಮೃದು ಮಾಡಿಯೇ ತೀರುತ್ತದೆ.

ಮುದ್ರಣಾಲಯದವರಿಗೆ ಮಸಿಯ ಚುಕ್ಕೆ ಕಾಗದದಲ್ಲಿ ಹೀರಿ ತುಸು ಅಗಲವಾಗುವುದು ಗೊತ್ತು. ಗಾಜಿನಲ್ಲಿಯೂ ಬಿರುಕು ಕಿರಣದ ಚುಕ್ಕೆಗಿಂತ ಆಚೆ ಚಾಚುತ್ತದೆ. ಪರದೆಯ ಮೇಲೆ ಅರ್ಧ ತಿಳಿ ಅರ್ಧ ನೆರಳು ಕಂಡ ಕೆನ್ನೆ ಗಾಜಿನ ಮೇಲೆ ಪೂರ್ತಿ ಬೆಳ್ಳಗಾಗುವುದು ಇದರಿಂದ. ಹಣೆಯಂಥ ಅಗಲವಾದ ಬಿಳಿ ಭಾಗದಲ್ಲಿ ಚುಕ್ಕೆಗಳು ಒಂದಕ್ಕೊಂದು ತಾಗಿದರೆ ಬಿರುಕುಗಳು ಕೂಡಿಕೊಂಡು ಗಾಜು ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಮುಟ್ಟಿದರೆ ಬೆರಳು ಗೀರುವಷ್ಟು ಒರಟಾಗುತ್ತದೆ. ಹಾಗಾಗಿ ನಡುವಣ ಛಾಯೆಗಳನ್ನು ಮೊದಲೇ ಒಂದು ಮೆಟ್ಟಿಲು ಗಾಢಗೊಳಿಸಿ, ಅತಿ ಬಿಳಿಯನ್ನು ಶೇ 80ರ ಆಸುಪಾಸಿಗೆ ಕಟ್ಟಿಹಾಕುತ್ತೇನೆ. ಎಲ್ಲಿಯೂ ಪೂರ್ಣ ಬಿಳಿ ಇಲ್ಲದ ಚಿತ್ರವೇ ಗಾಜಿನ ಮೇಲೆ ಹೆಚ್ಚು ಬೆಳಗುತ್ತದೆ.

ಛಾಯೆಯನ್ನು ಚುಕ್ಕೆಗಳಾಗಿ ಒಡೆಯುವ ಕ್ರಿಯೆಗೆ ಡಿಥರಿಂಗ್ ಎನ್ನುತ್ತಾರೆ. ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ ಎಂಬಿಬ್ಬರು 1976ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಕೂಡುವ ಲೆಕ್ಕದಲ್ಲಿ ದಶಕ ಪಕ್ಕದ ಮನೆಗೆ ದಾಟುವಂತೆ, ಒಂದು ಚುಕ್ಕೆಯನ್ನು ಕಪ್ಪೋ ಬಿಳಿಯೋ ಎಂದು ನಿರ್ಧರಿಸಿದಾಗ ಉಳಿದ ವ್ಯತ್ಯಾಸವನ್ನು ಅಲ್ಲಿ ಸುತ್ತಲಿನ ನಾಲ್ಕು ಚುಕ್ಕೆಗಳಿಗೆ ಹಂಚುತ್ತಾರೆ. ಜಾರ್ವಿಸ್ ಮತ್ತು ಸಂಗಡಿಗರ ವಿಧಾನದಲ್ಲಿ ಅದು ಹನ್ನೆರಡು ಚುಕ್ಕೆಗಳಿಗೆ ಹಂಚಿಹೋಗುವುದರಿಂದ ಮುಖದ ಇಳಿಜಾರುಗಳು ಹೆಚ್ಚು ನಯವಾಗಿ ಬರುತ್ತವೆ. ಭಾವಚಿತ್ರಕ್ಕೆ ನನ್ನ ಒಲವು ಇದರ ಕಡೆಗೇ. ಯಾವುದನ್ನು ಆರಿಸಿದರೂ ಒಂದು ಕಟ್ಟುಪಾಡು ಮೀರಬಾರದು. ಚಿತ್ರವನ್ನು ಫಲಕದ ನಿಜವಾದ ಅಳತೆಗೆ ತಂದ ಮೇಲೆಯೇ ಚುಕ್ಕೆಯಾಗಿಸಬೇಕು, ಚುಕ್ಕೆಯಾಗಿಸಿದ ಮೇಲೆ ಒಂದು ಮಿಲಿಮೀಟರೂ ಹಿಗ್ಗಿಸಬಾರದು, ಕುಗ್ಗಿಸಬಾರದು. ಹಾಗೆ ಮಾಡಿದರೆ ಮುಖದ ಮೇಲೆ ಜಾಲರಿಯಂಥ ಪಟ್ಟೆಗಳು ಏಳುತ್ತವೆ. ಯಂತ್ರದ ತಂತ್ರಾಂಶವೂ ಅದನ್ನು ಮತ್ತೊಮ್ಮೆ ಚುಕ್ಕೆಯಾಗಿಸದಂತೆ ಎಚ್ಚರ ವಹಿಸಬೇಕು.

ಹೊಸಬರು ಸೋಲುವ ಇನ್ನೊಂದು ಜಾಗ ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ. 600 ಇಟ್ಟರೆ 300ಕ್ಕಿಂತ ಎರಡು ಪಟ್ಟು ಸ್ಪಷ್ಟ ಎಂದು ನಂಬುತ್ತಾರೆ. ಒಂದು ಇಂಚು ಎಂದರೆ 25.4 ಮಿಲಿಮೀಟರ್, 0.1 ಮಿಲಿಮೀಟರ್ ಚುಕ್ಕೆಗಳು ಅದರಲ್ಲಿ ಹಿಡಿಸುವುದು 254. ಅಲ್ಲಿಗೆ 600 ಗೆರೆ ತುರುಕಿದರೆ ಪ್ರತಿಯೊಂದು ಗೆರೆಯೂ ಹಿಂದಿನದರ ಮೇಲೆ ಅರ್ಧಕ್ಕಿಂತ ಹೆಚ್ಚು ಹತ್ತಿ ಕೂರುತ್ತದೆ, ಬಿರಿದದ್ದು ಮತ್ತೆ ಬಿರಿಯುತ್ತದೆ. ಗಾಜಿಗೆ 250ರಿಂದ 300 ಸಾಕು. ವೇಗದ ವಿಷಯವೂ ಹೀಗೆಯೇ. ಸೆಕೆಂಡಿಗೆ 300 ಮಿಲಿಮೀಟರ್ ಓಡುವ, ಕಿರಣ ಬಿಡುವ ಯಂತ್ರದ ತಲೆ 0.1 ಮಿಲಿಮೀಟರಿನ ಚುಕ್ಕೆಯನ್ನು ಒಂದು ಮಿಲಿಸೆಕೆಂಡಿನ ಮೂರನೆಯ ಒಂದು ಭಾಗದಲ್ಲಿ ದಾಟಿಬಿಡುತ್ತದೆ. ಅಗ್ಗದ ಗಾಜಿನ ಟ್ಯೂಬಿನ ಲೇಸರ್‌ಗಳು ಅಷ್ಟು ಬೇಗ ಹೊತ್ತಿ ಆರಲಾರದೆ ಚುಕ್ಕೆಗಳನ್ನು ಗೆರೆಯಾಗಿ ಎಳೆದುಬಿಡುತ್ತವೆ. ಕೆಲಸ ಬೇಗ ಮುಗಿಯಲೆಂದು ವೇಗ ಏರಿಸಿದವರು ಕಣ್ಣರೆಪ್ಪೆಯನ್ನು ಕಳೆದುಕೊಳ್ಳುತ್ತಾರೆ. ಪವರ್ ಎಷ್ಟಿರಬೇಕೆಂದು ನಾನು ಅಂಕಿ ಹೇಳುವುದಿಲ್ಲ, ಅದು ಟ್ಯೂಬಿನಿಂದ ಟ್ಯೂಬಿಗೆ ಬೇರೆ. ಅದೇ ಗಾಜಿನ ತುಂಡೊಂದರ ಮೇಲೆ ಬೇರೆ ಬೇರೆ ಪವರ್, ಬೇರೆ ಬೇರೆ ವೇಗದ ಸಣ್ಣ ಚೌಕಗಳನ್ನು ಕೆತ್ತಿ, ಒಣಗಿಸಿ, ಕಪ್ಪು ಕಾಗದದ ಮೇಲಿಟ್ಟು ನೋಡಿ ಆರಿಸಿಕೊಳ್ಳುವುದೊಂದೇ ನಂಬಬಹುದಾದ ದಾರಿ.

ಗಾಜಿನ ಮೇಲೆ ಪಾತ್ರೆ ತೊಳೆಯುವ ದ್ರವ ಸೋಪನ್ನು ತೆಳ್ಳಗೆ, ಒಂದೇ ಸಮನಾಗಿ ಸವರಿಯೋ, ಒದ್ದೆ ಕಾಗದವನ್ನು ಗುಳ್ಳೆಯಿಲ್ಲದಂತೆ ಅಂಟಿಸಿಯೋ ಕೆತ್ತಿದರೆ ಶಾಖ ಸ್ವಲ್ಪ ಹಂಚಿಹೋಗಿ ಚಕ್ಕೆ ಏಳುವುದು ಕಡಿಮೆಯಾಗುತ್ತದೆ. ಸಾಮಾನ್ಯ ಚಪ್ಪಟೆ ಗಾಜು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಟಫನ್ಡ್ ಗಾಜು ಮೇಲ್ಮೈಯ ಬಿಗಿತದಿಂದಲೇ ಗಟ್ಟಿಯಾಗಿರುವಂಥದು, ಆ ಮೇಲ್ಮೈ ಬಿರಿದರೆ ಇಡೀ ಫಲಕವೇ ಪುಡಿಯಾಗುವ ಅಪಾಯವಿದೆ. ಅದನ್ನು ನಾನು ಒಪ್ಪಿಕೊಳ್ಳುವುದೇ ಇಲ್ಲ. ಕೆತ್ತಿದ ಮೇಲೆ ನೈಲಾನ್ ಬ್ರಷ್ಷಿನಿಂದ ನೀರಿನಡಿ ಉಜ್ಜಿ ಸಡಿಲ ಚೂರುಗಳನ್ನೆಲ್ಲ ತೆಗೆಯಬೇಕು. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸ ಮಾಡಬಾರದು.

ಅಕ್ರಿಲಿಕ್‌ನ ಸ್ವಭಾವ ಬೇರೆ. ಇದು ಬಿರಿಯುವುದಿಲ್ಲ, ಕಿರಣ ಬಿದ್ದಲ್ಲಿ ಆವಿಯಾಗುತ್ತದೆ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹಾಳೆಯ ಜಾತಿ. ಅಚ್ಚಿನಲ್ಲಿ ಎರೆದು ಮಾಡಿದ ಕಾಸ್ಟ್ ಅಕ್ರಿಲಿಕ್ ಕೆತ್ತಿದಲ್ಲಿ ಹಿಮದಂತೆ ಬೆಳ್ಳಗಾಗುತ್ತದೆ. ಬಿಸಿಯಾಗಿ ಒತ್ತಿ ಎಳೆದು ಮಾಡಿದ ಎಕ್ಸ್‌ಟ್ರೂಡೆಡ್ ಅಕ್ರಿಲಿಕ್ ಕರಗಿ ಮತ್ತೆ ಗಟ್ಟಿಯಾಗುವುದರಿಂದ ಪಾರದರ್ಶಕವಾಗಿಯೇ ಉಳಿದು ಚಿತ್ರ ಎದ್ದು ಕಾಣುವುದಿಲ್ಲ. ನೋಟಕ್ಕೆ ಎರಡೂ ಒಂದೇ. ಹಾಳೆ ಕೊಳ್ಳುವಾಗ ಕೇಳಿ ತಿಳಿದುಕೊಳ್ಳದವರು ಮನೆಗೆ ಬಂದು ಯಂತ್ರವನ್ನು ದೂರುತ್ತಾರೆ. ನಾನು ಭಾವಚಿತ್ರವನ್ನು ಯಾವಾಗಲೂ ಹಾಳೆಯ ಹಿಂಬದಿಗೆ, ಎಡಬಲ ತಿರುಗಿಸಿ ಕೆತ್ತುತ್ತೇನೆ. ಆಗ ಮುಂಬದಿ ನುಣುಪಾಗಿ ಉಳಿದು, ಧೂಳು ಒರೆಸಲು ಸುಲಭವಾಗುತ್ತದೆ, ಚಿತ್ರಕ್ಕೆ ಒಂದು ಆಳವೂ ಬರುತ್ತದೆ. ತಿರುಗಿಸುವುದನ್ನು ಮರೆತರೆ ಹೆಸರಿನ ಅಕ್ಷರಗಳು ಉಲ್ಟಾ ಆಗುವುದು ಎಲ್ಲರಿಗೂ ತಿಳಿಯುತ್ತದೆ. ಬೈತಲೆ, ಕೆನ್ನೆಯ ಮಚ್ಚೆ ಎಡದಿಂದ ಬಲಕ್ಕೆ ಹೋದದ್ದು ಮನೆಯವರಿಗೆ ಮಾತ್ರ ತಿಳಿಯುತ್ತದೆ, ಅವರಿಗೆ ಅದು ಬಹಳ ನೋಯಿಸುತ್ತದೆ.

ಅಂಚಿನಿಂದ ಎಲ್‌ಇಡಿ ಬೆಳಕು ಕೊಡುವ ಫಲಕಗಳಲ್ಲಿ ಅಕ್ರಿಲಿಕ್ ಗಾಜನ್ನೂ ಮೀರಿಸುತ್ತದೆ. ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.49, ಒಳಗೆ ಹೊಕ್ಕ ಬೆಳಕು ಹೊರಬೀಳದೆ ಎರಡು ಮೇಲ್ಮೈಗಳ ನಡುವೆ ಸಂಪೂರ್ಣ ಆಂತರಿಕ ಪ್ರತಿಫಲನಗೊಳ್ಳುತ್ತ ಸಾಗಿ, ಕೆತ್ತಿದ ಚುಕ್ಕೆ ಸಿಕ್ಕಲ್ಲಿ ಮಾತ್ರ ಹೊರಬರುತ್ತದೆ. ಇದಕ್ಕೆ ನೆಗೆಟಿವ್ ಚಿತ್ರವೇ ಬೇಕು. ಕೆತ್ತಿದ ಅಕ್ರಿಲಿಕ್ ಅನ್ನು ಸ್ಪಿರಿಟ್ಟಿನಿಂದ, ಅಮೋನಿಯ ಇರುವ ಗಾಜು ಒರೆಸುವ ದ್ರವದಿಂದ ಶುಚಿ ಮಾಡಬಾರದು. ಜೇಡರ ಬಲೆಯಂಥ ಬಿರುಕುಗಳು ಏಳುತ್ತವೆ. ನೀರು, ಸೌಮ್ಯ ಸೋಪು, ಮೆತ್ತನೆಯ ಬಟ್ಟೆ ಸಾಕು.

ನೀಲಿ ಬೆಳಕಿನ ಸಣ್ಣ ಡಯೋಡ್ ಲೇಸರ್‌ಗಳನ್ನು ಕೊಂಡವರಿಗೆ ಒಂದು ಮಾತು. ಅವುಗಳ ಕಿರಣ ಸುಮಾರು 450 ನ್ಯಾನೊಮೀಟರಿನದು, ತಿಳಿ ಗಾಜು ಮತ್ತು ತಿಳಿ ಅಕ್ರಿಲಿಕ್ ಮೂಲಕ ಏನೂ ಮಾಡದೆ ಹಾದುಹೋಗುತ್ತದೆ. ಮೇಲ್ಮೈಗೆ ಕಿರಣ ಹೀರುವ ಲೇಪ ಬಳಿದರೆ ಮಾತ್ರ ಗುರುತು ಮೂಡೀತು. ಇನ್ನೂ ಮುಖ್ಯವಾದದ್ದು ಕಣ್ಣಿನ ವಿಷಯ: ಕಾರ್ಬನ್ ಡೈಆಕ್ಸೈಡ್ ಲೇಸರಿನ ಕಿರಣವನ್ನು ತಡೆಯುವ ಪಾರದರ್ಶಕ ಅಕ್ರಿಲಿಕ್ ಮುಚ್ಚಳ ಈ ನೀಲಿ ಕಿರಣವನ್ನು ತಡೆಯುವುದಿಲ್ಲ, ಅದು ನೇರ ಅಕ್ಷಿಪಟಲಕ್ಕೆ ತಲುಪುತ್ತದೆ. ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕ ಇರಲೇಬೇಕು. ಅಕ್ರಿಲಿಕ್ ಹೊತ್ತಿ ಉರಿಯುವ ವಸ್ತುವಾದ್ದರಿಂದ ಯಂತ್ರ ಓಡುವಾಗ ಎದ್ದುಹೋಗಬಾರದು, ಹೊಗೆ ಹೊರಗೆ ಹೋಗುವ ವ್ಯವಸ್ಥೆ ಇರಬೇಕು. ಅಕ್ರಿಲಿಕ್ ಎಂದು ಯಾರಾದರೂ ಪಿವಿಸಿ ಹಾಳೆ ಕೊಟ್ಟರೆ ಅದನ್ನು ಯಂತ್ರದೊಳಗೆ ಇಡಲೇಬಾರದು. ಅದು ಬಿಡುವ ಹೈಡ್ರೊಜನ್ ಕ್ಲೋರೈಡ್ ಅನಿಲ ಶ್ವಾಸಕೋಶವನ್ನೂ ಯಂತ್ರದ ಲೋಹವನ್ನೂ ತಿನ್ನುತ್ತದೆ.

ಯಂತ್ರ ಮಾರುವವರು ವಾಟ್‌ಗಳ ಲೆಕ್ಕ ಹೇಳುವಷ್ಟೇ ಶ್ರದ್ಧೆಯಿಂದ ಚಿತ್ರ ಸಿದ್ಧಪಡಿಸುವುದನ್ನೂ ಕಲಿಸಬೇಕೆಂದು ಕೇಳಿಕೊಳ್ಳುತ್ತೇನೆ. ಫಲಕ ಮಾಡಿಸುವ ಓದುಗರಲ್ಲಿಯೂ ಒಂದು ವಿನಂತಿ. ಒಪ್ಪಿಗೆ ಕೊಡುವ ಮೊದಲು, ಗಾಜಿನ ಮೇಲೆ ಬೀಳಲಿರುವ ಚುಕ್ಕೆಗಳ ಚಿತ್ರವನ್ನೇ, ಕಪ್ಪಿನ ಮೇಲೆ ಬಿಳಿಯಾಗಿ, ನಿಜವಾದ ಅಳತೆಯಲ್ಲಿ ತೋರಿಸಲು ಹೇಳಿ. ಸಾಧ್ಯವಾದರೆ ಒಂದು ಕಣ್ಣು ಮತ್ತು ಹುಬ್ಬಿನಷ್ಟು ಭಾಗವನ್ನು ಅದೇ ಬಗೆಯ ಗಾಜಿನ ಚೂರಿನ ಮೇಲೆ ಕೆತ್ತಿಸಿ ನೋಡಿ. ನಾನು ಆ ಹೆಣ್ಣುಮಗಳ ತಂದೆಯ ಚಿತ್ರವನ್ನು ಎರಡನೆಯ ಸಲ ಮಾಡುವಾಗ ಹಾಗೆ ಆರು ಚೂರು ಕೆತ್ತಿದೆ. ಅವರು ಅವೆಲ್ಲವನ್ನೂ ಕಪ್ಪು ಕಾಗದದ ಮೇಲೆ ಸಾಲಾಗಿ ಇಟ್ಟು ನೋಡಿ, ಐದನೆಯದನ್ನು ಬೆರಳಿಟ್ಟು ತೋರಿಸಿದರು. ಆ ಚೂರಿಗೆ ಬಳಸಿದ ಹೊಂದಿಕೆಯಲ್ಲಿಯೇ ಇಡೀ ಫಲಕ ಮಾಡಿಕೊಟ್ಟೆ.

ಇಂತಿ ತಮ್ಮ ವಿಶ್ವಾಸಿ,
ಲೇಸರ್ ಕೆತ್ತನೆಯ ಕೆಲಸಗಾರ, ತಮ್ಮ ಪತ್ರಿಕೆಯ ಓದುಗ